0.09 ವೋಲ್ಟ್

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಎಲ್‌ಕೆಜಿಯಿಂದ ಪಿಯುಸಿವರೆಗೆ ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡ ನನಗೆ ಸೆಕೆಂಡ್ ಲ್ಯಾಂಗ್ವೇಜ್. ಮನೆಯಲ್ಲಿ ಮಾತಾಡೋದು ಕನ್ನಡವೇ ಆದರೂ ಬರೆಯೋಕೆ ಕೂತರೆ ಕೈ ನಡುಗುತ್ತೆ. ಕನ್ನಡ ಸಂಘದ ಸೀನಿಯರ್ ಅಕ್ಕ "ಕವನನೇ ಆಗ್ಬೇಕು ಅಂತೇನಿಲ್ಲ ಕಣೇ, ನಿನ್ನ ಬ್ರಾಂಚಿಗೆ ಸಂಬಂಧಪಟ್ಟಿದ್ದು ಏನಾದ್ರೂ ಬರಿ" ಅಂದಿದ್ದಕ್ಕೆ ಧೈರ್ಯ ಮಾಡಿದ್ದೀನಿ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ. ಈಗ ಹೇಳೋದು ಕಳೆದ ದಸರಾ ರಜೆಯಲ್ಲಿ ನಮ್ಮಪ್ಪನ ಕಾರನ್ನ ನಾನು ಹೆಚ್ಚುಕಮ್ಮಿ ಮಾರಿಸಿಬಿಟ್ಟಿದ್ದ ಕಥೆ.

ನಮ್ಮೂರು ತಿಪಟೂರು. ಅಪ್ಪಂದು ಒಂದು ಸಣ್ಣ ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ. ಮನೆಯಲ್ಲಿ ಇರೋದು 2014ರ ಮಾಡೆಲ್ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್. ಅಂಗಡಿಗೆ ಮಾಲು ತರೋದು ಅದರಲ್ಲೇ, ಅಜ್ಜಿಯನ್ನ ಕಣ್ಣಿನ ಇಂಜೆಕ್ಷನ್ನಿಗೆ ತುಮಕೂರಿಗೆ ಕರ್ಕೊಂಡು ಹೋಗೋದೂ ಅದರಲ್ಲೇ. ಅಜ್ಜಿಗೆ ಬಸ್ಸು ಹತ್ತೋಕೆ ಮಂಡಿ ಬಿಡಲ್ಲ.

ರಜೆಗೆ ಬಂದ ಎರಡನೇ ದಿನ ಅಜ್ಜಿಯನ್ನ ಆಸ್ಪತ್ರೆಗೆ ತೋರಿಸಿಕೊಂಡು ಬಿ.ಎಚ್. ರಸ್ತೆಯಲ್ಲಿ ವಾಪಸ್ ಬರ್ತಾ ಇದ್ವಿ. ಗುಬ್ಬಿ ದಾಟೋವರೆಗೂ ಏನೂ ಇಲ್ಲ. ಕೆ.ಬಿ. ಕ್ರಾಸ್ ಹತ್ತಿರ ಒಂದು ಲಾರಿನ ಓವರ್‌ಟೇಕ್ ಮಾಡೋಕೆ ಅಪ್ಪ ಆಕ್ಸಿಲರೇಟರ್ ಒತ್ತಿದ್ದೇ ತಡ, ಗಾಡಿ ಬಿಕ್ಕಳಿಸೋಕೆ ಶುರುವಾಯ್ತು. ಗಡ್ ಗಡ್ ಅಂತ ಎಳೀತು, ಪಿಕಪ್ಪೇ ಇಲ್ಲ. ಎದುರಿಂದ ಬಸ್ಸು ಬರ್ತಿತ್ತು. ಅಪ್ಪ ಹೇಗೋ ಮತ್ತೆ ಲಾರಿ ಹಿಂದಕ್ಕೆ ಬಂದು, ರಸ್ತೆ ಬದಿಗೆ ನಿಲ್ಲಿಸಿ, ಒಂದು ನಿಮಿಷ ಸ್ಟೇರಿಂಗ್ ಹಿಡ್ಕೊಂಡು ಸುಮ್ಮನೆ ಕೂತರು. ಮೀಟರ್ ಬೋರ್ಡಿನಲ್ಲಿ ಹಳದಿ ಇಂಜಿನ್ ದೀಪ ಮಿನುಗ್ತಾ ಇತ್ತು. ಹಿಂದೆ ಅಜ್ಜಿ ಕಣ್ಣಿಗೆ ಬ್ಯಾಂಡೇಜ್ ಹಾಕ್ಕೊಂಡು "ಯಾಕೋ ನಿಲ್ಸಿದೆ?" ಅಂತ ಕೇಳ್ತಾನೇ ಇದ್ರು. ಉಳಿದ ದಾರಿಯಷ್ಟೂ ನಲವತ್ತರಲ್ಲಿ ಬಂದ್ವಿ.

ಆ ದೀಪ ಸುಮ್ಮನೆ ಉರಿದರೆ ಒಂದು ಅರ್ಥ, ಮಿನುಗಿದರೆ ಇನ್ನೊಂದು ಅರ್ಥ. ಮಿನುಗೋದು ಅಂದ್ರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸುಡ್ತಾ ಇಲ್ಲ, ಸುಡದೇ ಇರೋ ಪೆಟ್ರೋಲ್ ಸೈಲೆನ್ಸರಿನ ದಾರಿಯಲ್ಲಿರೋ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನ ಹಾಳು ಮಾಡ್ತಿದೆ ಅಂತ. ಗ್ಯಾರೇಜಿನವರು ಇದಕ್ಕೆ "ಮಿಸ್ಸಿಂಗ್ ಹೊಡೀತಿದೆ" ಅಂತಾರೆ.

ಮನೆಗೆ ಬಂದ ಮೇಲೆ ನನಗೆ ಒಳಗೊಳಗೇ ಖುಷಿ. ನಿಜ ಹೇಳ್ತಿದ್ದೀನಿ. ಅಜ್ಜಿ ಹೆದರಿದ್ದಾರೆ, ಅಪ್ಪನ ಮುಖ ಸಪ್ಪಗಾಗಿದೆ, ಆದರೆ ನನ್ನ ತಲೆಯಲ್ಲಿ ಓಡ್ತಾ ಇದ್ದಿದ್ದು "ಇದನ್ನ ನಾನೇ ಕಂಡುಹಿಡೀತೀನಿ" ಅಂತ. ರೂಮ್‌ಮೇಟ್ ಹತ್ತಿರ ಇಸ್ಕೊಂಡು ಬಂದಿದ್ದ ಬ್ಲೂಟೂತ್ ಸ್ಕ್ಯಾನರ್ ಬ್ಯಾಗಿನಲ್ಲೇ ಇತ್ತು. ಡ್ಯಾಶ್‌ಬೋರ್ಡ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತೆ, ಅದಕ್ಕೆ ಚುಚ್ಚಿ ಮೊಬೈಲ್ ಕನೆಕ್ಟ್ ಮಾಡಿದೆ. ಎರಡು ಕೋಡ್ ಬಂತು. ಪಿ 0303, ಅಂದ್ರೆ ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪಿ 0353, ಅಂದ್ರೆ ಮೂರನೇ ಇಗ್ನಿಷನ್ ಕಾಯಿಲಿನ ಸರ್ಕ್ಯೂಟ್ ದೋಷ.

"ಅಪ್ಪಾ, ಮೂರನೇ ಕಾಯಿಲ್ ಹೋಗಿದೆ" ಅಂದೆ, ಡಾಕ್ಟರ್ ಥರ.

ಆ ಕೋಡಿನಲ್ಲಿ "ಸರ್ಕ್ಯೂಟ್" ಅನ್ನೋ ಪದ ಇತ್ತು. ಎರಡು ವರ್ಷದಿಂದ ದಿನಾ ಓದ್ತಿರೋ ಪದ. ಅದನ್ನ ನಾನು ಓದಲೇ ಇಲ್ಲ, "ಕಾಯಿಲ್" ಅಂತ ಮಾತ್ರ ಓದಿದೆ. ಆನ್‌ಲೈನಿನಲ್ಲಿ ಕಾಯಿಲ್ ಆರ್ಡರ್ ಮಾಡಿದೆ, 2,600 ರೂಪಾಯಿ. ಅಪ್ಪ ಒಂದು ಪ್ರಶ್ನೆಯನ್ನೂ ಕೇಳದೆ ದುಡ್ಡು ಕೊಟ್ಟರು. ಮೂರು ದಿನಕ್ಕೆ ಬಂತು. ಒಂದೇ ಒಂದು 10 ಎಂಎಂ ಬೋಲ್ಟ್ ಬಿಚ್ಚಿ ಹಳೇದು ತೆಗೆದು ಹೊಸದು ಕೂರಿಸಿದೆ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ನಾಲ್ಕು ನಿಮಿಷ ಚೆನ್ನಾಗಿತ್ತು. ಇಂಜಿನ್ ಬಿಸಿ ಆಗ್ತಿದ್ದ ಹಾಗೇ ಮತ್ತೆ ಗಡ್ ಗಡ್. ಮತ್ತೆ ಪಿ 0353.

ಅಪ್ಪ ಬೈಯಲಿಲ್ಲ. "ಇರ್ಲಿ ಬಿಡು ಪುಟ್ಟಿ" ಅಂದರು ಅಷ್ಟೆ. ಬೈದಿದ್ದರೇ ವಾಸಿ ಇತ್ತು.

ಆವಾಗ ಬುದ್ಧಿ ಬಂದು ಕೂತು ಸರ್ಕ್ಯೂಟ್ ಹೇಗಿದೆ ಅಂತ ನೋಡಿದೆ. ನಿಮಗೂ ಚುಟುಕಾಗಿ ಹೇಳ್ತೀನಿ, ಇಲ್ಲದಿದ್ರೆ ಮುಂದಿಂದು ಅರ್ಥ ಆಗಲ್ಲ.

ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಸುಮಾರು ಒಂದು ಮಿಲಿಮೀಟರ್ ಸಂದು ಇರುತ್ತೆ. ಸಿಲಿಂಡರಿನ ಒತ್ತಡದಲ್ಲಿ ಕಿಡಿ ಆ ಸಂದನ್ನ ಹಾರಬೇಕಾದರೆ ಹತ್ತು ಸಾವಿರ ವೋಲ್ಟಿಗೂ ಮೇಲೆ ಬೇಕು. ಬ್ಯಾಟರಿಯಲ್ಲಿ ಇರೋದು ಬರೀ 12. ಇದನ್ನ ಏರಿಸೋದೇ ಕಾಯಿಲ್. ಅದರೊಳಗೆ ಒಂದು ಕಬ್ಬಿಣದ ಕೋರ್, ಅದಕ್ಕೆ ದಪ್ಪ ತಂತಿಯ ಕೆಲವೇ ನೂರು ಸುತ್ತು, ಕೂದಲಿನಂಥ ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಕೆಲವು ಮಿಲಿಸೆಕೆಂಡ್ ಕರೆಂಟ್ ಹರಿಸಿ ಗಕ್ಕನೆ ನಿಲ್ಲಿಸಬೇಕು. ನಿಲ್ಲಿಸಿದ ಆ ಕ್ಷಣದಲ್ಲಿ ಕಾಂತಕ್ಷೇತ್ರ ಕುಸಿದು ಸಣ್ಣ ತಂತಿಯಲ್ಲಿ ಸಾವಿರಗಟ್ಟಲೆ ವೋಲ್ಟ್ ಹುಟ್ಟುತ್ತೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದಿದ್ದು ಇದನ್ನೇ. ನಾವು ಪರೀಕ್ಷೆಯಲ್ಲಿ ಐದು ಮಾರ್ಕ್ಸಿಗೆ ಬರೆದು ಮರೆತಿದ್ದೂ ಇದನ್ನೇ.

ನಮ್ಮ ಕಾರಿನಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಕಾಯಿಲ್, ಪ್ರತಿ ಕಾಯಿಲಿಗೂ ನಾಲ್ಕು ವೈರ್. ಒಂದು 12 ವೋಲ್ಟ್. ಎರಡನೇದು ಅರ್ಥ್. ಮೂರನೇದು ಇಸಿಯು, ಅಂದ್ರೆ ಇಂಜಿನ್ನಿನ ಕಂಪ್ಯೂಟರ್, ಕಾಯಿಲಿಗೆ ಕೊಡೋ ಆಜ್ಞೆ. ಅದು 5 ವೋಲ್ಟಿನ ಒಂದು ಪಲ್ಸ್. ನಾಲ್ಕನೇದು ಕಾಯಿಲ್ ವಾಪಸ್ ಕೊಡೋ ಉತ್ತರ, "ಕಿಡಿ ಬಿಟ್ಟೆ" ಅಂತ.

ಕ್ಲಾಸಿನಲ್ಲಿ ಅಟೆಂಡೆನ್ಸ್ ತಗೊಳ್ಳೋದನ್ನ ನೆನಪು ಮಾಡ್ಕೊಳ್ಳಿ. ಲೆಕ್ಚರರ್ ನಂಬರ್ ಕರೀತಾರೆ, "ಪ್ರೆಸೆಂಟ್ ಸಾರ್" ಅಂತ ಬರದಿದ್ರೆ ಆಬ್ಸೆಂಟ್ ಹಾಕ್ತಾರೆ. ಹುಡುಗ ಬಂದೇ ಇಲ್ವಾ, ಬಂದು ನಿದ್ದೆ ಮಾಡ್ತಿದಾನಾ, ಗಂಟಲು ಕಟ್ಟಿದೆಯಾ, ಹಿಂದಿನ ಬೆಂಚಿಗೆ ಕರೆದಿದ್ದು ಕೇಳಿಸ್ಲೇ ಇಲ್ವಾ, ಅದು ರಿಜಿಸ್ಟರಿನಲ್ಲಿ ಇರಲ್ಲ. ಪಿ 0353 ಅಂದ್ರೆ ಅಷ್ಟೆ. ಮೂರನೇ ಕಾಯಿಲಿನಿಂದ ಉತ್ತರ ಬರಲಿಲ್ಲ. ಯಾಕೆ ಅಂತ ಇಲ್ಲ. ಕಾಯಿಲ್ ಸತ್ತಿರಬಹುದು, 12 ವೋಲ್ಟ್ ಬಾರದೆ ಇರಬಹುದು, ಅರ್ಥ್ ಕಟ್ ಆಗಿರಬಹುದು, ಆಜ್ಞೆಯೇ ತಲುಪದೆ ಇರಬಹುದು, ಇಸಿಯುನೇ ಕೆಟ್ಟಿರಬಹುದು.

ಸರಿ, ಈಗ ಸರಿಯಾಗಿ ಟೆಸ್ಟ್ ಮಾಡೋಣ ಅಂತ ಲ್ಯಾಬಿಗೆ ಅಂತ ತಗೊಂಡಿದ್ದ ಮಲ್ಟಿಮೀಟರ್ ತೆಗೆದೆ. ಮೂರನೇ ಕಾಯಿಲಿನ ಕನೆಕ್ಟರ್ ಬಿಚ್ಚಿ ಇಗ್ನಿಷನ್ ಆನ್ ಮಾಡಿ ಅಳೆದರೆ 12.2 ವೋಲ್ಟ್. ಪವರ್ ಇದೆ, ಟಿಕ್. ಆಫ್ ಮಾಡಿ ಅರ್ಥ್ ಪಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ಕಂಟಿನ್ಯುಟಿ ನೋಡಿದರೆ ಮೀಟರ್ ಕುಂಯ್ ಅಂತು. ಅರ್ಥ್ ಇದೆ, ಟಿಕ್. ಇನ್ನು ಉಳಿದಿದ್ದು ಆಜ್ಞೆಯ ವೈರ್. ಕನೆಕ್ಟರ್ ಮತ್ತೆ ಹಾಕಿ, ಇಂಜಿನ್ ಸ್ಟಾರ್ಟ್ ಮಾಡಿ, ಕನೆಕ್ಟರಿನ ಹಿಂಭಾಗದಿಂದ ಗುಂಡುಪಿನ್ ತೂರಿಸಿ ಅಳೆದೆ. 5 ವೋಲ್ಟ್ ಇರಬೇಕು ತಾನೆ? ಮೀಟರಿನಲ್ಲಿ 0.08, 0.09, 0.10 ಅಂತ ಕುಣೀತಿತ್ತು.

ಅಂದ್ರೆ ಏನೂ ಇಲ್ಲ. ಆಜ್ಞೆ ಬರ್ತಾನೇ ಇಲ್ಲ. ನೋಟ್‌ಬುಕ್ಕಿನಲ್ಲಿ ಬರ್ಕೊಂಡೆ: ಟ್ರಿಗರ್ 0.09 ವೋಲ್ಟ್, ಇಸಿಯು ಹೋಗಿದೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಹೊಸ ಇಸಿಯು ಹಾಕಿಸಬೇಕಂದ್ರೆ ಇಪ್ಪತ್ತೈದು ಸಾವಿರದ ಹತ್ತಿರ ಆಗಬಹುದು ಅಂತಾನೂ ಹೇಳಿದೆ. ಅಪ್ಪ ಮುದ್ದೆ ಮುರೀತಾ ಇದ್ದವರು ಕೈ ನಿಲ್ಲಿಸಿದರು. ಅಮ್ಮ ನನ್ನನ್ನ ನೋಡಿದರು, ಸಾಕು ಅನ್ನೋ ಥರ. ಸ್ವಲ್ಪ ಹೊತ್ತಾದ ಮೇಲೆ ಅಪ್ಪ "ಇನ್ನು ಅದಕ್ಕೆ ಸುರಿಯೋದು ಬೇಡ, ಕೊಟ್ಟುಬಿಡೋಣ" ಅಂದರು.

ಮಾರನೇ ದಿನವೇ ಬ್ರೋಕರ್ ಬಂದ. ಗಾಡಿ ಸುತ್ತ ಎರಡು ಸುತ್ತು ಬಂದು, ಟಯರಿಗೆ ಒದ್ದು, ಬಾಯಿಗೆ ಬಂದ ರೇಟು ಹೇಳಿದ. ಅಪ್ಪ "ತೀರಾ ಕಮ್ಮಿ ಆಯ್ತಲ್ಲ" ಅಂದಿದ್ದಕ್ಕೆ ಅವನು ನನ್ನ ಕಡೆ ಕೈ ತೋರಿಸಿ "ಏನ್ ಸಾರ್, ಇಸಿಯು ಹೋಗಿದೆ ಅಂತ ಇಂಜಿನಿಯರಿಂಗ್ ಓದ್ತಿರೋ ನಿಮ್ ಮಗಳೇ ಹೇಳ್ತಿದಾಳಲ್ಲ" ಅಂದ. ನಾನೇ ಐದು ನಿಮಿಷದ ಹಿಂದೆ, ಅವನು ಕೇಳಿದ ಅಂತ, ಎಲ್ಲಾ ವಿವರವಾಗಿ ಹೇಳಿದ್ದೆ. ಒಳಗಿಂದ ಅಜ್ಜಿ "ಬರೋ ತಿಂಗಳು ಇಂಜೆಕ್ಷನ್ನಿಗೆ ಹೆಂಗೋ ಹೋಗೋದು?" ಅಂದಿದ್ದು ಎಲ್ಲರಿಗೂ ಕೇಳಿಸ್ತು. ಯಾರೂ ಉತ್ತರ ಕೊಡಲಿಲ್ಲ.

ಅಮ್ಮನೇ ಕೊನೆಗೆ "ಕೊಡೋ ಮುಂಚೆ ಮೇಸ್ತ್ರಿಗೆ ಒಂದ್ಸಲ ತೋರ್ಸಿ" ಅಂದಿದ್ದು. ಊರಲ್ಲಿ ಎಲ್ಲರೂ ಮೇಸ್ತ್ರಿ ಅಂತಾನೇ ಕರೆಯೋ ಅವರ ಗ್ಯಾರೇಜು ಅರಸೀಕೆರೆ ಕಡೆ ಹೋಗೋ ರೋಡಿನಲ್ಲಿ, ತೆಂಗಿನ ತೋಟದ ಪಕ್ಕ ಒಂದು ತಗಡಿನ ಶೆಡ್ಡು. ಅರವತ್ತು ದಾಟಿರಬೇಕು. ಅಂಬಾಸಡರ್ ಕಾಲದಲ್ಲಿ ಪಾಯಿಂಟ್ ಸೆಟ್ ಮಾಡ್ತಾ ಕೆಲಸ ಕಲಿತವರು. ಆವಾಗ ಕಾಯಿಲಿನ ಕರೆಂಟನ್ನ ನಿಲ್ಲಿಸೋಕೆ ಇಸಿಯು ಇರಲಿಲ್ಲ. ಡಿಸ್ಟ್ರಿಬ್ಯೂಟರ್ ಒಳಗೆ ಒಂದು ಜೊತೆ ಕಾಂಟ್ಯಾಕ್ಟ್ ಪಾಯಿಂಟ್ ತೆರೆದು ಮುಚ್ಚಿ ಮಾಡ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ನೂರು ವರ್ಷಕ್ಕೂ ಹಿಂದೆ ಮಾಡಿದ ಪದ್ಧತಿ ಅದು. ಕೆಲಸ ಅದೇ, ಈಗ ಪಾಯಿಂಟಿನ ಜಾಗದಲ್ಲಿ ಟ್ರಾನ್ಸಿಸ್ಟರ್ ಬಂದಿದೆ.

ನಾನು ನೋಟ್‌ಬುಕ್ ತೆಗೆದು ಎಲ್ಲಾ ಒಪ್ಪಿಸಿದೆ. ಅವರು ಬೀಡಿ ಆರಿಸಿ ಕೇಳಿಸ್ಕೊಂಡರು.

"ಹೊಸ ಕಾಯಿಲ್ ತರೋ ಮುಂಚೆ ಎರಡನೇದನ್ನ ಮೂರಕ್ಕೆ, ಮೂರನೇದನ್ನ ಎರಡಕ್ಕೆ ಬದ್ಲಾಯ್ಸಿ ನೋಡಿದ್ಯೇನಮ್ಮ?"

"ಇಲ್ಲ ಅಂಕಲ್."

"ಕಾಯಿಲ್ ಕೆಟ್ಟಿದ್ರೆ ಮಿಸ್ಸಿಂಗ್ ಅದರ ಹಿಂದೆನೇ ಎರಡನೇ ಸಿಲಿಂಡ್ರಿಗೆ ಬರ್ತಿತ್ತು. ಪುಕ್ಕಟೆ ಟೆಸ್ಟು. ಹೋಗ್ಲಿ. ಈ ಸೊನ್ನೆ ಪಾಯಿಂಟ್ ಸೊನ್ನೆ ಒಂಬತ್ತು ಅಂತ ಬರ್ದಿದೀಯಲ್ಲ, ಚೆನ್ನಾಗಿರೋ ಸಿಲಿಂಡ್ರಲ್ಲಿ ಎಷ್ಟು ಬಂತು?"

ನಾನು ಬಾಯಿ ತೆರೆದು ಮುಚ್ಚಿದೆ. ನೋಡೇ ಇರಲಿಲ್ಲ.

"ನೋಡು."

ಎರಡನೇ ಕಾಯಿಲಿನ ವೈರಿಗೆ ಪಿನ್ ತೂರಿಸಿದೆ. 0.09. ಒಂದನೇದು, 0.09. ನಾಲ್ಕನೇದು, 0.09. ಚೆನ್ನಾಗಿ ಕೆಲಸ ಮಾಡ್ತಿರೋ ಮೂರು ಕಾಯಿಲಿಗೂ ಅದೇ ಬರ್ತಿತ್ತು.

ಕಿವಿ ಬಿಸಿಯಾಯ್ತು. ಯಾಕೆ ಅಂತ ಹೊಳೆಯೋಕೆ ಎರಡು ನಿಮಿಷ ಬೇಕಾಯ್ತು. ಹೊಳೆದ ಮೇಲೆ ಅಲ್ಲೇ ಬಿಲ್ ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ. ಐಡ್ಲಿಂಗಿನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 750 ಸುತ್ತು. ಎರಡು ಸುತ್ತಿಗೆ ಒಂದು ಕಿಡಿ, ಅಂದ್ರೆ ನಿಮಿಷಕ್ಕೆ 375, ಸೆಕೆಂಡಿಗೆ ಆರೂಕಾಲು. ಒಂದೊಂದು ಪಲ್ಸ್ ಸುಮಾರು 3 ಮಿಲಿಸೆಕೆಂಡ್ ಇದ್ದರೆ, ಒಂದು ಸೆಕೆಂಡಿನಲ್ಲಿ 5 ವೋಲ್ಟ್ ಇರೋದು ಸುಮಾರು 19 ಮಿಲಿಸೆಕೆಂಡ್ ಮಾತ್ರ. ಉಳಿದಷ್ಟು ಹೊತ್ತೂ ಸೊನ್ನೆ. ಡಿಸಿ ರೇಂಜಿನಲ್ಲಿ ಮೀಟರ್ ತೋರಿಸೋದು ಸರಾಸರಿ. 5ರಲ್ಲಿ ನೂರಕ್ಕೆ ಎರಡು ಭಾಗಕ್ಕಿಂತ ಸ್ವಲ್ಪ ಕಮ್ಮಿ. ಉತ್ತರ 0.09. ಪಲ್ಸಿನ ಸರಾಸರಿ ತೆಗೆಯೋದನ್ನ ಹಿಂದಿನ ಸೆಮಿಸ್ಟರಿನಲ್ಲಿ ಹತ್ತು ಸಲ ಮಾಡಿದ್ದೆ, ಫುಲ್ ಮಾರ್ಕ್ಸೂ ಬಂದಿತ್ತು. ಮೀಟರ್ ಸುಳ್ಳು ಹೇಳಿರಲಿಲ್ಲ. ಅದಕ್ಕೆ ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಮೇಸ್ತ್ರಿ ಲೆಕ್ಕವನ್ನ ನೋಡಿ "ಇದೆಲ್ಲ ನಂಗೆ ಬರಲ್ಲಮ್ಮ" ಅಂತ ನಕ್ಕು, ಹಳೇ ಪೆನ್ನಿನ ಒಳಗೆ ಒಂದು ಎಲ್‌ಇಡಿ, ಒಂದು ರೆಸಿಸ್ಟರ್ ಸೇರಿಸಿ ತಾವೇ ಮಾಡ್ಕೊಂಡಿದ್ದ ಟೆಸ್ಟರ್ ಕೊಟ್ಟರು. ಅದನ್ನ ಮೂರನೇ ಕಾಯಿಲಿನ ಆಜ್ಞೆಯ ವೈರಿಗೆ ಮುಟ್ಟಿಸಿದರೆ ಮಿಣ ಮಿಣ ಅಂತ ಮಿನುಗಿತು. ಎರಡನೇದಕ್ಕೂ ಹಾಗೇ. ಇಸಿಯು ಪಾಪ ಸರಿಯಾಗೇ ಕರೀತಿತ್ತು. ಈ ವೈರಿಗೆ ಮಾತ್ರ ಮಾಮೂಲಿ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡೀಬಾರದು ಅಂತಾನೂ ಹೇಳಿದರು. ಅದು ಜಾಸ್ತಿ ಕರೆಂಟ್ ಎಳೆದು ಇಸಿಯುಗೇ ಏಟು ಕೊಡಬಹುದು. "ಆವಾಗ ನೀನು ಬರ್ದಿದ್ದು ನಿಜ ಆಗೋದು ನೋಡು" ಅಂದರು.

"ಹಾಗಾದ್ರೆ ಏನು ಅಂಕಲ್? ಪವರ್ ಇದೆ, ಅರ್ಥ್ ಇದೆ, ಟ್ರಿಗರ್ ಇದೆ, ಕಾಯಿಲ್ ಹೊಸದು."

"ಇದೆ ಅಂತ ಯಾರು ಹೇಳಿದ್ದು?"

"ಮೀಟರ್."

"ಮೀಟರಿಗೆ ಎಷ್ಟು ಕರೆಂಟ್ ಬೇಕು? ಸೊಳ್ಳೆ ಕುಡಿದಷ್ಟು. ಕಾಯಿಲಿಗೆ ಎಷ್ಟು ಬೇಕು?"

ಕಾಯಿಲಿಗೆ ಆ ಕ್ಷಣಕ್ಕೆ ಆರೇಳು ಆಂಪಿಯರ್ ಬೇಕು. ಅವರು ಡ್ರಾಯರಿನಿಂದ ಇಂಡಿಕೇಟರ್ ಬಲ್ಬ್ ಒಂದನ್ನ ತೆಗೆದರು, 21 ವ್ಯಾಟಿಂದು, ಎರಡು ವೈರ್ ಬೆಸುಗೆ ಹಾಕಿದ್ದು. "ಕಾಯಿಲ್ ಬಿಚ್ಚು. ಕನೆಕ್ಟರಿನ ಪವರ್ ಪಿನ್ನಿಂದ ಅರ್ಥ್ ಪಿನ್ನಿಗೆ ಇದನ್ನ ಹಿಡಿ. ಮೊದ್ಲು ಚೆನ್ನಾಗಿರೋದು."

ಈ ಸಲ ಚೆನ್ನಾಗಿರೋದನ್ನೇ ಮೊದಲು ನೋಡಿದೆ. ಎರಡನೇ ಕನೆಕ್ಟರಿನಲ್ಲಿ ಬಲ್ಬ್ ಕಣ್ಣು ಕುಕ್ಕೋ ಹಾಗೆ ಉರೀತು. ಮೂರನೇದಕ್ಕೆ ಹಿಡಿದೆ. ಸಂಜೆ ಸೂರ್ಯನ ಥರ ಕೆಂಪಗೆ, ಬರೀ ತಂತಿ ಕಾಣೋಷ್ಟು. ಮೈ ಜುಮ್ ಅಂತು. ಬಲ್ಬ್ ಹಾಗೇ ಇಟ್ಟುಕೊಂಡು ಮೀಟರಿನಲ್ಲಿ ಅಳೆದರೆ, ಬಲ್ಬ್ ಇಲ್ಲದೆ 12.2 ಇದ್ದ ಜಾಗದಲ್ಲಿ ಈಗ 6.8.

"ಕರೆಂಟ್ ಇದೆ, ದಮ್ ಇಲ್ಲ" ಅಂದರು ಮೇಸ್ತ್ರಿ.

ಉಳಿದ ಐದು ವೋಲ್ಟ್ ಎಲ್ಲಿ ಹೋಯ್ತು ಅಂತ ಹುಡುಕೋದು ಸುಲಭ. ಬಲ್ಬ್ ಉರೀತಿರುವಾಗಲೇ ಬ್ಯಾಟರಿ ಪ್ಲಸ್ಸಿನಿಂದ ಪವರ್ ಪಿನ್ನಿಗೆ ಅಳೆದೆ, 0.1. ಅಂದ್ರೆ ಆ ದಾರಿ ಸರಿ ಇದೆ. ಬ್ಯಾಟರಿ ಮೈನಸ್ಸಿನಿಂದ ಅರ್ಥ್ ಪಿನ್ನಿಗೆ ಅಳೆದೆ. ಸೊನ್ನೆಯ ಹತ್ತಿರ ಇರಬೇಕಾದ ಕಡೆ 5.1 ವೋಲ್ಟ್. ಸಿಕ್ಕಿಬಿತ್ತು. ಅರ್ಥ್ ವೈರಿನಲ್ಲಿ ಎಲ್ಲೋ ಸುಮಾರು 4 ಓಮ್ ಅಡಗಿ ಕೂತಿದೆ. ನಾಲ್ಕು ಓಮ್ ಇದ್ದರೂ ಮೀಟರಿನ ಬಜರ್ ಕುಂಯ್ ಅನ್ನುತ್ತೆ, ಅದಕ್ಕೆ ಅದು ಕೂಡಿಕೊಂಡಿರೋ ತಂತಿಯೇ. ಆದರೆ ಕಾಯಿಲಿನ ಪ್ರೈಮರಿಯ ರೆಸಿಸ್ಟೆನ್ಸೇ ಒಂದು ಓಮಿಗಿಂತ ಕಮ್ಮಿ. ಅದರ ಮುಂದೆ ನಾಲ್ಕು ಓಮ್ ಅಂದ್ರೆ ದೊಡ್ಡ ಬಂಡೆ. ಕರೆಂಟ್ ಅರ್ಧ ಆದರೆ ಕಾಯಿಲ್ ಕೂಡಿಡೋ ಶಕ್ತಿ ಕಾಲು ಭಾಗ ಆಗುತ್ತೆ, ಯಾಕಂದ್ರೆ ಶಕ್ತಿ ಕರೆಂಟಿನ ವರ್ಗದ ಅನುಪಾತದಲ್ಲಿರುತ್ತೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚಾಗಿ ಕಿಡಿ ಹಾರೋಕೆ ಇನ್ನೂ ಜಾಸ್ತಿ ವೋಲ್ಟ್ ಬೇಕು. ಕೆ.ಬಿ. ಕ್ರಾಸಿನಲ್ಲಿ ಲಾರಿ ಪಕ್ಕದಲ್ಲಿ ಆಗಿದ್ದು ಅದೇ.

ಮೂರನೇ ಕಾಯಿಲಿನಿಂದ ಹೊರಟ ವೈರಿನ ಮೇಲಿನ ಟೇಪನ್ನ ಮೆಲ್ಲಗೆ ಬಿಚ್ಚುತ್ತಾ ಹೋದೆ. ಒಂದು ಗೇಣು ಹಿಂದೆ, ಇಂಜಿನ್ ಬ್ರಾಕೆಟ್ ಮರೆಯಲ್ಲಿ, ಇನ್ನೊಂದು ಟೇಪ್ ಬೇರೆ ಬಣ್ಣದ್ದು. ಅದನ್ನೂ ಬಿಚ್ಚಿದೆ. ಇಲಿ ಕಡಿದ ಗುರುತು. ಎರಡು ತುದಿ ಸೇರಿಸಿ ಕೈಯಲ್ಲೇ ತಿರುಚಿ ಸುತ್ತಿದ್ದಾರೆ. ಬೆಸುಗೆ ಇಲ್ಲ, ಏನಿಲ್ಲ. ಮಳೆ ನೀರು ಹೋಗಿ ತಾಮ್ರಕ್ಕೆಲ್ಲ ಹಸಿರು ಕಿಲುಬು. ಸರಿಯಾಗಿ ಇದ್ದಿದ್ದು ಎರಡೋ ಮೂರೋ ಎಳೆ. ಅದೂ ಇಂಜಿನ್ ನಡುಗಿದಾಗ, ಬಿಸಿ ಆದಾಗ, ಬಿಟ್ಟು ಬಿಟ್ಟು ಕೂಡ್ತಿತ್ತು.

ಗೆದ್ದ ಜೋಶ್‌ನಲ್ಲಿ ನಾನು ಗಟ್ಟಿಯಾಗಿ ನಕ್ಕೆ. "ಯಾವ ಪುಣ್ಯಾತ್ಮ ಅಂಕಲ್ ಹೀಗೆ ಜಾಯಿಂಟ್ ಹಾಕಿದ್ದು? ಸ್ವಲ್ಪನಾದ್ರೂ ತಲೆ ಬೇಡ್ವಾ?"

ಮೇಸ್ತ್ರಿ ಏನೂ ಹೇಳದೆ ಬೇರೆ ಕಡೆ ನೋಡಿದರು. ಹಿಂದಿನಿಂದ ಅಪ್ಪನ ದನಿ ಬಂತು. "ನಾನೇ ಕಣೇ."

ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದರು. "ಇಲಿ ಕಡಿದಿತ್ತು. ಗ್ಯಾರೇಜಿಗೆ ಬಿಟ್ರೆ ಪೂರ್ತಿ ವೈರಿಂಗ್ ಬದಲಾಯ್ಸಬೇಕು ಅಂತಾರೇನೋ ಅಂತ ನಾನೇ ಸುತ್ತಿ ಟೇಪ್ ಹಾಕಿದ್ದೆ. ನಿನ್ನ ಅಡ್ಮಿಷನ್ ಆದ ತಿಂಗಳು."

ನಂಗೆ ಏನು ಹೇಳಬೇಕೋ ತಿಳೀಲಿಲ್ಲ. ಅಡ್ಮಿಷನ್ ತಿಂಗಳು ನಮ್ಮ ಮನೆಯಲ್ಲಿ ಹೇಗಿತ್ತು ಅಂತ ನಂಗೆ ಗೊತ್ತು. ಸೀಟು ಸಿಕ್ಕಿದ ಖುಷಿಗೆ ಎಲ್ಲರಿಗೂ ಪೇಡ ಹಂಚಿದ್ವಿ. ಆಮೇಲೆ ಫೀಸು, ಹಾಸ್ಟೆಲ್ಲು, ಲ್ಯಾಪ್‌ಟಾಪು. ಅಪ್ಪ ಆವಾಗ ಯಾವತ್ತೋ ಒಂದು ರಾತ್ರಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಈ ಎರಡು ತಂತಿ ಸುತ್ತಿರಬೇಕು. ಆ ಜಾಯಿಂಟು ಒಂದು ವರ್ಷದ ಮೇಲೆ ಬಂದಿದೆ, ಎರಡು ಮಳೆಗಾಲ ದಾಟಿದೆ. ಅದನ್ನ ಹಿಡ್ಕೊಂಡು ನಾನು ನಗ್ತಾ ಇದ್ದೆ.

"ಸಾರಿ ಅಪ್ಪ" ಅಂದೆ. ಅವರು "ಏ, ಹೋಗೇ" ಅಂದರು. ಅಲ್ಲಿಗೆ ಮುಗೀತು.

ಮೇಸ್ತ್ರಿ ಬೆಸುಗೆ ಹಾಕೋ ಕೆಲಸ ನನಗೇ ಕೊಟ್ಟರು. ಕಿಲುಬು ಹಿಡಿದ ಅಷ್ಟೂ ಭಾಗ ಕತ್ತರಿಸಿ, ಒಂದು ಚೂರು ಹೊಸ ವೈರ್ ಸೇರಿಸಿ, ಎರಡೂ ಕಡೆ ಬೆಸುಗೆ ಹಾಕಿ, ಮೇಲೆ ಸ್ಲೀವ್ ಎಳೆದು ಬಿಸಿ ಮಾಡಿ ಕುಗ್ಗಿಸಿದೆ. ಬ್ರಾಕೆಟ್ಟಿಗೆ ಉಜ್ಜದ ಹಾಗೆ ಬೇರೆ ಕಡೆಯಿಂದ ಕಟ್ಟಿದೆವು. ಮತ್ತೆ ಬಲ್ಬ್ ಹಿಡಿದರೆ ಕಣ್ಣು ಕುಕ್ಕಿತು. ಅರ್ಥ್ ಕಡೆ 0.05 ವೋಲ್ಟ್. ಮೇಸ್ತ್ರಿ ತಗೊಂಡಿದ್ದು 300 ರೂಪಾಯಿ. ಅರಸೀಕೆರೆ ರೋಡಿನಲ್ಲಿ ಹತ್ತು ಕಿಲೋಮೀಟರ್ ಹೋಗಿ ಬಂದ್ವಿ. ಒಂದು ಬಿಕ್ಕಳಿಕೆ ಇಲ್ಲ, ಕೋಡೂ ಇಲ್ಲ.

ಮನೆಗೆ ಬಂದಾಗ ಅಜ್ಜಿ "ಏನಾಗಿತ್ತೇ?" ಅಂದರು. ವೋಲ್ಟೇಜ್ ಡ್ರಾಪ್ ಅಂತ ಶುರು ಮಾಡಿ ನಿಲ್ಲಿಸಿದೆ. ಇಂಗ್ಲಿಷಿನಲ್ಲಾದ್ರೆ ಡೆಫಿನಿಷನ್ ಬಾಯಿಪಾಠ ಬರ್ತಿತ್ತು. ಆದರೆ ಅದೇ ಡೆಫಿನಿಷನ್ ಬರೋಳಿಗೆ ತಾನೆ 12.2 ನೋಡಿ ಟಿಕ್ ಹಾಕಿದ್ದು? ಮೇಸ್ತ್ರಿ ಹೇಳಿದ ಹಾಗೇ ಹೇಳಿದೆ, "ಕರೆಂಟ್ ಇತ್ತು ಅಜ್ಜಿ, ದಮ್ ಇರಲಿಲ್ಲ." ಅಜ್ಜಿ ಒಂದು ಕ್ಷಣ ಯೋಚಿಸಿ "ನಮ್ ನಲ್ಲಿ ಥರಾನಾ? ಮುಚ್ಚಿದಾಗ ಪೈಪು ತುಂಬಿರುತ್ತೆ, ತಿರುಗಿಸಿದ್ರೆ ದಾರದಷ್ಟು ಬರುತ್ತೆ, ಅಂಗೆ?" ಅಂದರು. ಹೌದು, ಅಂಗೇ. ನಲ್ಲಿ ಮುಚ್ಚಿಟ್ಟು ಪೈಪ್ ತುಂಬಿದೆ ಅಂತ ಬರ್ಕೊಂಡಿದ್ದೆ ನಾನು. ತಿರುಗಿಸಿ ನೋಡಿರಲಿಲ್ಲ.

ಓದ್ತಿರೋ ನನ್ನ ಬ್ರಾಂಚಿನವರಿಗೆ, ಮೆಕ್ಯಾನಿಕಲ್‌ನವರಿಗೆ ಮೂರು ಮಾತು ಹೇಳಿ ಮುಗಿಸ್ತೀನಿ. ಕೋಡ್ ಬಂದ ತಕ್ಷಣ ಪಾರ್ಟ್ ತರಬೇಡಿ, ಮೊದಲು ಪಕ್ಕದ್ದರ ಜೊತೆ ಅದಲುಬದಲು ಮಾಡಿ ನೋಡಿ. ಯಾವ ರೀಡಿಂಗ್ ಬಂದರೂ ಚೆನ್ನಾಗಿರೋದರ ರೀಡಿಂಗ್ ಪಕ್ಕದಲ್ಲಿಟ್ಟು ನೋಡಿ. ವೈರ್ ಸರಿ ಇದೆಯಾ ಅಂತ ನೋಡಬೇಕಾದರೆ ಅದರ ಮೇಲೆ ಕೆಲಸ ಹಾಕಿ ನೋಡಿ, ಸುಮ್ಮನೆ ಕೂತಿದ್ದಾಗ ಎಲ್ಲಾ ವೈರೂ ಚೆನ್ನಾಗೇ ಇರುತ್ತೆ. ಇಷ್ಟು ಗೊತ್ತಿದ್ದರೆ ನಮ್ಮಪ್ಪನ 2,600 ರೂಪಾಯಿ ಉಳೀತಿತ್ತು. ಆ ಹಳೇ ಕಾಯಿಲ್ ಸರಿಯಾಗೇ ಇದೆ, ಈಗ ಡಿಕ್ಕಿಯಲ್ಲಿ ಸ್ಪೇರ್ ಆಗಿ ಕೂತಿದೆ.

ನಾನು ಹಾಸ್ಟೆಲ್ಲಿಗೆ ಹೊರಡೋ ದಿನ ಬ್ರೋಕರ್ ಫೋನ್ ಮಾಡಿದ, ಇನ್ನೂ ಐದು ಸಾವಿರ ಜಾಸ್ತಿ ಕೊಡ್ತೀನಿ ಅಂತ. ಅಪ್ಪ "ಇಲ್ಲಪ್ಪ, ಕೊಡಲ್ಲ. ನನ್ನ ಮಗಳು ರೆಡಿ ಮಾಡಿದಾಳೆ" ಅಂದರು. ಮಾಡಿದ್ದು ಮೇಸ್ತ್ರಿ ಅಂತ ನಂಗೂ ಗೊತ್ತು, ಅವರಿಗೂ ಗೊತ್ತು. ಆದರೂ ನಾನು ಸುಮ್ಮನೆ ಬ್ಯಾಗ್ ಜಿಪ್ ಹಾಕ್ಕೊಂಡೆ.